ಮೆಣಸಿನ ಗಿಡದ ಎಲೆ ಮುಟುರಿದರೆ: ಮದ್ದಿಗೆ ಮೊದಲು ಕಾರಣ ಹುಡುಕಿ

ಕುಂಡಕ್ಕೆ ಹಾಕಿದ ಮೆಣಸಿನ ಸಸಿ ಒಂದೂವರೆ ತಿಂಗಳು ಚೆನ್ನಾಗಿ ಬೆಳೆದು, ಸರಿಯಾಗಿ ಮೊಗ್ಗು ಬರುವ ಹೊತ್ತಿಗೆ ತುದಿ ಎಲೆ ಮುದುಡಿಕೊಳ್ಳುವುದು ತಾರಸಿ ತೋಟಗಳ ಮಾಮೂಲಿ ಗೋಳು. ಒಬ್ಬರು ಹುಳಿ ಮಜ್ಜಿಗೆ ಹೊಡೆಯಿರಿ ಎನ್ನುತ್ತಾರೆ, ಅಂಗಡಿಯವರು ಬೇವಿನೆಣ್ಣೆ ಕೊಡುತ್ತಾರೆ, ಮತ್ತೊಬ್ಬರು ಕ್ಯಾಲ್ಸಿಯಂ ಸಾಲದು, ಮೊಟ್ಟೆ ಸಿಪ್ಪೆ ಹಾಕಿ ಎನ್ನುತ್ತಾರೆ. ಮೂರನ್ನೂ ಒಂದೇ ವಾರದಲ್ಲಿ ಮಾಡಿದರೆ ಗಿಡ ಬದುಕಿದರೂ ಯಾವುದರಿಂದ ಬದುಕಿತು ಎಂದು ತಿಳಿಯದು, ಸತ್ತರೂ ಯಾಕೆ ಸತ್ತಿತು ಎಂದು ತಿಳಿಯದು.

ಎಲೆ ಮುದುಡಲು ಮುಖ್ಯವಾಗಿ ಥ್ರಿಪ್ಸ್ (ಎಲೆ ಕೆರೆದು ರಸ ಹೀರುವ ಕಿರುಹುಳು), ಮೈಟ್ (ಬರಿಗಣ್ಣಿಗೆ ಕಾಣದ, ಜೇಡದ ಬಳಗದ ಜೀವಿ), ಬಿಳಿ ನೊಣ ಹೊತ್ತು ತರುವ ವೈರಸ್, ಸಸ್ಯಹೇನು ಕಾರಣ. ಇವು ಯಾವುವೂ ಅಲ್ಲದಿದ್ದರೆ ನೀರು, ಬಿಸಿಲು, ಗೊಬ್ಬರದ ಏರುಪೇರು. ಮೈಟಿಗೆ ನಾಟುವ ಗಂಧಕವನ್ನು ನೆಚ್ಚಿಕೊಂಡು ಥ್ರಿಪ್ಸ್ ಹೋಗಲೆಂದು ಕೂರುವಂತಿಲ್ಲ. ವೈರಸ್ಸಿಗಂತೂ ಮದ್ದೇ ಇಲ್ಲ. ಇನ್ನೊಂದು ತೊಡಕೂ ಇದೆ: ನಮ್ಮಲ್ಲಿ ಥ್ರಿಪ್ಸನ್ನೂ ಮೈಟನ್ನೂ ನುಸಿ ಎಂದೇ ಕರೆಯುವುದು ರೂಢಿ. ಅಂಗಡಿಗೆ ಹೋಗಿ ‘ನುಸಿಗೆ ಏನಾದರೂ ಕೊಡಿ’ ಎಂದರೆ ಯಾವುದಕ್ಕೆ ಕೊಟ್ಟರು ಎನ್ನುವುದು ಅವರವರ ಊಹೆಗೆ ಬಿಟ್ಟದ್ದು. ಆದ್ದರಿಂದ ಹುಳುವಿನ ಹೆಸರು ಹಿಡಿದೇ ಕೇಳಿ.

ಹತ್ತು ನಿಮಿಷದ ತಪಾಸಣೆ

ಬೇಕಾಗುವುದು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ, ಒಂದಿಷ್ಟು ಬಣ್ಣದ ದಾರ. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲಿನ ಮ್ಯಾಕ್ರೊ ಕ್ಯಾಮೆರಾದಲ್ಲಿ ಎಲೆಯ ತಳದ ಫೋಟೊ ತೆಗೆದು ಹಿಗ್ಗಿಸಿ ನೋಡಬಹುದು. ಥ್ರಿಪ್ಸಿಗೆ ಅದು ಸಾಕು, ಮೈಟಿಗೆ ಸಾಲದು.

ಮೊದಲನೆಯದು ಹೊತ್ತು. ಗಿಡವನ್ನು ಬೆಳಿಗ್ಗೆ ಏಳು ಗಂಟೆಗೆ ನೋಡಿ. ಮಧ್ಯಾಹ್ನ ಮುದುಡಿದ್ದ ಎಲೆ ಬೆಳಿಗ್ಗೆ ಬಿಚ್ಚಿಕೊಂಡಿದ್ದರೆ ಅದು ಬಿಸಿಲು ನೀರಿನ ವಿಷಯ, ಹುಳುವಿನದಲ್ಲ. ಬೆಳಿಗ್ಗೆಯೂ ಹಾಗೇ ಇದ್ದರೆ ಮುಂದಕ್ಕೆ ಹೋಗಿ.

ಎರಡನೆಯದು ಜಾಗ. ಮುದುಡಿದ್ದು ತುದಿಯ ನಾಲ್ಕಾರು ಎಳೆ ಎಲೆಯೋ, ಇಡೀ ಗಿಡವೋ? ಒಂದೇ ಗಿಡವೋ, ಅಕ್ಕಪಕ್ಕದವೂ ಸೇರಿವೆಯೋ? ರಸ ಹೀರುವ ಹುಳುಗಳು ಎಳೆ ತುದಿಯಿಂದ ಶುರು ಮಾಡುತ್ತವೆ. ನೀರು, ಉಪ್ಪು, ಗೊಬ್ಬರದ ತೊಂದರೆ ಒಂದೇ ಮಣ್ಣು ತುಂಬಿದ ಎಲ್ಲ ಕುಂಡಗಳಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ಕಾಣಿಸುತ್ತದೆ.

ಮೂರನೆಯದು ಮಡಿಕೆಯ ದಿಕ್ಕು. ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್ ಅಥವಾ ವೈರಸ್. ಅಂಚು ಕೆಳಕ್ಕೆ ಬಾಗಿ ಮಗುಚಿದ ದೋಣಿಯಂತಾಗಿದ್ದರೆ ಮೈಟ್. ಈ ಒಂದು ಗುರುತೇ ಅರ್ಧ ಕೆಲಸ ಮುಗಿಸುತ್ತದೆ. ಆದರೆ ಇದೊಂದನ್ನೇ ನಂಬಿ ಸಿಂಪಡಣೆಗೆ ಇಳಿಯಬೇಡಿ, ಏಕೆಂದರೆ ಒಂದೇ ಗಿಡದಲ್ಲಿ ಎರಡೂ ಇರುವುದು ಅಪರೂಪವೇನಲ್ಲ.

ನಾಲ್ಕನೆಯದು ಎಲೆಯ ತಳ. ಮುದುಡಿದ ತುದಿಯನ್ನು ಬಿಳಿ ಹಾಳೆಯ ಮೇಲೆ ಬಗ್ಗಿಸಿ ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಒಣಹುಲ್ಲಿನ ಬಣ್ಣದ, ಒಂದು ಮಿಲಿಮೀಟರ್ ಉದ್ದದ ಗೀಟುಗಳು ಹಾಳೆಯ ಮೇಲೆ ಹರಿದಾಡಿದರೆ ಥ್ರಿಪ್ಸ್. ಬಿಳಿ ಪುಡಿಯಂಥ ಹುಳುಗಳು ಗಿಡ ಅಲುಗಿದ ಕೂಡಲೇ ಹಾರಿ ಮತ್ತೆ ಎಲೆಯ ತಳಕ್ಕೇ ಬಂದು ಕೂತರೆ ಬಿಳಿ ನೊಣ. ಏನೂ ಬೀಳದಿದ್ದರೆ ‘ಹುಳು ಇಲ್ಲ’ ಎಂದು ತೀರ್ಮಾನಿಸಬೇಡಿ. ಅತಿ ಎಳೆಯ, ಇನ್ನೂ ಬಿಚ್ಚದ ಎಲೆಯೊಂದನ್ನು ಕಿತ್ತು ಭೂತಗನ್ನಡಿಯಲ್ಲಿ ತಳದ ನಡುನರದ ಪಕ್ಕ ನೋಡಿ. ಮೈಟ್ ಅಲ್ಲಿರುತ್ತದೆ.

ಕೊನೆಯದಾಗಿ, ಈಗ ಮುದುಡಿರುವ ತುದಿಯ ಕೆಳಗೆ ದಾರ ಕಟ್ಟಿ. ಮದ್ದು ನಾಟಿತೋ ಇಲ್ಲವೋ ಎಂದು ನೋಡುವುದು ದಾರದ ಮೇಲೆ ಹೊಸದಾಗಿ ಬರುವ ಎಲೆಯಲ್ಲಿ. ಒಮ್ಮೆ ಮುದುಡಿದ ಎಲೆ ಹುಳು ಸತ್ತ ಮೇಲೂ ನೆಟ್ಟಗಾಗುವುದಿಲ್ಲ. ಹಳೆ ಎಲೆಯನ್ನೇ ನೋಡುತ್ತಾ ‘ಇನ್ನೂ ಹೋಗಿಲ್ಲ’ ಎಂದು ದಿನ ಬಿಟ್ಟು ದಿನ ಎಣ್ಣೆ ಹೊಡೆದು ಗಿಡ ಸುಡುವವರೇ ಹೆಚ್ಚು.

ಅಂಚು ಮೇಲಕ್ಕೆ, ತಳದಲ್ಲಿ ಕಂದು ಗೀಚು: ಥ್ರಿಪ್ಸ್

ಒಣ ಬಿಸಿಲು ಇದಕ್ಕೆ ಬಲು ಇಷ್ಟ. ಕರ್ನಾಟಕದ ಒಳನಾಡಿನಲ್ಲಿ ಫೆಬ್ರವರಿಯಿಂದ ಮೇ ತನಕ ಇದರ ಕಾಲ. ಒಂದೆರಡು ಜೋರು ಮಳೆ ಬಿದ್ದರೆ ತಾನಾಗಿ ಇಳಿಯುತ್ತದೆ. ಎಲೆಯ ಮೇಲ್ಮೈಯನ್ನು ಕೆರೆದು ರಸ ಹೀರುವುದರಿಂದ ಮೊದಲು ಬೆಳ್ಳಿಯಂಥ ಹೊಳಪು, ಆಮೇಲೆ ನರದ ಪಕ್ಕ ಕಂದು ಗೀಚು ಕಾಣುತ್ತದೆ. ಕಾಯಿಯ ತೊಟ್ಟಿನ ಹತ್ತಿರವೂ ಅದೇ ಒರಟು ಗುರುತು. ನಿಮ್ಮ ತಾರಸಿಯಲ್ಲಿ ಗುಲಾಬಿ ಇದ್ದು ಅದರ ಮೊಗ್ಗಿನ ಅಂಚು ಕಂದಾಗಿದ್ದರೆ ಥ್ರಿಪ್ಸ್ ಬಂದ ದಾರಿ ಸಿಕ್ಕಿತು ಎನ್ನಿ.

ಇದನ್ನು ಒಂದೇ ಸಿಂಪಡಣೆಯಲ್ಲಿ ಮುಗಿಸಲು ಆಗದಿರುವುದಕ್ಕೆ ಕಾರಣವಿದೆ. ಮೊಟ್ಟೆ ಇಡುವುದು ಎಲೆಯ ಒಳಗೆ, ಅಲ್ಲಿಗೆ ಯಾವ ಎಣ್ಣೆಯೂ ತಲುಪದು. ಕೋಶಾವಸ್ಥೆ ಕಳೆಯುವುದು ಬಹುಪಾಲು ಕುಂಡದ ಮೇಲ್ಮಣ್ಣಿನಲ್ಲಿ, ಉದುರಿದ ತರಗೆಲೆಯ ಅಡಿಯಲ್ಲಿ. ಎಲೆಗೆ ಮಾತ್ರ ಮದ್ದು ಹೊಡೆದು ಮಣ್ಣು ಬಿಟ್ಟರೆ ವಾರದೊಳಗೆ ಹೊಸ ತಂಡ ಮೇಲೇರುತ್ತದೆ. ಹಾಗಾಗಿ ಎರಡೂ ಕಡೆ ಕೆಲಸ ಮಾಡಬೇಕು.

ಮೊದಲ ದಿನ ಬೆಳಿಗ್ಗೆ ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ, ಎಲೆಯ ತಳಕ್ಕೆ ರಭಸವಾಗಿ ಬಿಡಿ. ಉದುರಿದ ಎಲೆಗಳನ್ನೆಲ್ಲ ಆರಿಸಿ ತೆಗೆಯಿರಿ. 12 ಅಂಗುಲದ ಕುಂಡಕ್ಕೆ 50 ಗ್ರಾಂ ಬೇವಿನ ಹಿಂಡಿ ಹಾಕಿ ಮೇಲಿನ ಒಂದು ಅಂಗುಲ ಮಣ್ಣಿನಲ್ಲಿ ಕೆದಕಿ ಬೆರೆಸಿ. ಅದೇ ಸಂಜೆ ಬೇವಿನೆಣ್ಣೆ ದ್ರಾವಣ ಸಿಂಪಡಿಸಿ (ಕಲಸುವ ಬಗೆ ಮುಂದೆ ಇದೆ). ಐದರಿಂದ ಏಳು ದಿನಕ್ಕೊಮ್ಮೆ ಹೀಗೆ ಸಿಂಪಡಣೆ ಮೂರು ಸಲ. ಮೂರಕ್ಕಿಂತ ಕಡಿಮೆ ಮಾಡಿದರೆ ಮೊಟ್ಟೆಯೊಡೆದು ಬಂದವು ಉಳಿದುಕೊಳ್ಳುತ್ತವೆ. ನೀಲಿ ಅಂಟು ಹಾಳೆಯನ್ನು ಗಿಡದ ತುದಿಯ ಮಟ್ಟಕ್ಕೆ ಕಟ್ಟಿ. ಅದು ಹುಳುವನ್ನು ಪೂರ್ತಿ ಹಿಡಿಯುತ್ತದೆಂದಲ್ಲ, ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಲೆಕ್ಕ ಕೊಡುತ್ತದೆ.

ಎಲೆ ಹೆಚ್ಚು ಮುದುಡದೆ ಹೂವೆಲ್ಲ ಉದುರುತ್ತಿದ್ದರೆ ಒಂದು ಹೂ ಕಿತ್ತು ಅಂಗೈ ಮೇಲೆ ಒದರಿ ನೋಡಿ. ಕಪ್ಪು ಬಣ್ಣದ ಥ್ರಿಪ್ಸ್ ಬಿದ್ದರೆ ಅದು ಬೇರೆ ಜಾತಿ, ಥ್ರಿಪ್ಸ್ ಪಾರ್ವಿಸ್ಪೈನಸ್. ಭಾರತದಲ್ಲಿ ಇದು ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ. 2021ರ ಕೊನೆಯ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನೇ ನೆಲಕಚ್ಚಿಸಿತು. ಹೂವಿನೊಳಗೆ ಅಡಗುವುದರಿಂದ ಸಿಂಪಡಣೆಗೆ ಸಿಗುವುದು ಕಡಿಮೆ. ಮನೆ ಮಟ್ಟದಲ್ಲಿ ಒಳ್ಳೆಯ ಉಪಾಯವೆಂದರೆ ಒಂದು ವಾರ ಹೂವನ್ನೆಲ್ಲ ಕಿತ್ತು ಸೋಪು ನೀರಿಗೆ ಹಾಕುವುದು. ಹತ್ತು ಗಿಡವಿದ್ದವರಿಗೆ ಅದು ಸಾಧ್ಯ, ಹತ್ತು ಎಕರೆಯವರಿಗೆ ಅಲ್ಲ.

ಅಂಚು ಕೆಳಕ್ಕೆ, ತೊಟ್ಟು ಉದ್ದ, ಎಲೆ ಗಡುಸು: ಮೈಟ್

ಬರಿಗಣ್ಣಿಗೆ ಕಾಣದ ಕಾರಣ ಜನ ಹೆಚ್ಚಾಗಿ ತಪ್ಪು ಮಾಡುವುದು ಇಲ್ಲೇ. ಮೆಣಸಿನ ಎಲೆ ಮುದುಡಿಸುವ ಹಳದಿ ಮೈಟಿನ ಗಾತ್ರ ಸುಮಾರು 0.2 ಮಿಲಿಮೀಟರ್. ಹತ್ತು ಪಟ್ಟಿನ ಭೂತಗನ್ನಡಿಯಲ್ಲೂ ಹೊಳೆಯುವ ತಿಳಿಹಳದಿ ಬಿಂದುವಿನಂತಷ್ಟೇ ಕಾಣುತ್ತದೆ, ಅದೂ ನಡೆದಾಡಿದರೆ. ಬಲೆ ಕಟ್ಟುವುದಿಲ್ಲ. ಬಲೆಯೂ ಎಲೆ ಮೇಲೆ ಸಣ್ಣ ಬಿಳಿ ಚುಕ್ಕೆಯೂ ಕಂಡರೆ ಅದು ಕೆಂಪು ಜೇಡ ನುಸಿ. ಅದಕ್ಕೆ ದಿನ ಬಿಟ್ಟು ದಿನ ನೀರಿನ ರಭಸವೇ ಅರ್ಧ ಮದ್ದು.

ಹಳದಿ ಮೈಟ್ ತಗುಲಿದ ಗಿಡದ ಎಳೆ ಎಲೆ ಕಿರಿದಾಗಿ, ಕಡು ಹಸಿರಾಗಿ, ಮುಟ್ಟಿದರೆ ಪಟಕ್ಕನೆ ಮುರಿಯುವಷ್ಟು ಗಡುಸಾಗುತ್ತದೆ. ತೊಟ್ಟು ಉದ್ದವಾಗುತ್ತದೆ. ಮೊಗ್ಗು ಒಣಗಿ ಉದುರುತ್ತದೆ, ಬಂದ ಕಾಯಿಯ ಸಿಪ್ಪೆ ಬೆಂಡಿನಂತೆ ಒರಟಾಗುತ್ತದೆ. ಬೆಚ್ಚಗಿದ್ದು ಗಾಳಿಯಲ್ಲಿ ತೇವವೂ ಇದ್ದರೆ ಒಂದು ತಲೆಮಾರು ವಾರದೊಳಗೇ ಮುಗಿಯುತ್ತದೆ. ಮಳೆಗಾಲದ ಬಿಡುವುಗಳಲ್ಲಿ, ನೆರಳು ಬಲೆಯ ಅಡಿ, ಗಿಡ ಒತ್ತೊತ್ತಾಗಿ ಇಟ್ಟ ಕಡೆ ಇದರ ಕಾಟ ಜಾಸ್ತಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗಲು ಗಾಳಿ, ನಿಮ್ಮ ಕೈ ಮತ್ತು ಬಟ್ಟೆ ಸಾಕು. ಬಿಳಿ ನೊಣದ ಕಾಲು ಹಿಡಿದುಕೊಂಡೂ ಸಾಗುತ್ತದೆ. ಬಿಳಿ ನೊಣ ಬಂದ ಕೆಲವೇ ದಿನಕ್ಕೆ ಮೈಟೂ ಕಾಣಿಸಿಕೊಳ್ಳುವುದರ ಗುಟ್ಟು ಇದು.

ಪರಿಹಾರಕ್ಕೆ ಮೊದಲ ಹತಾರ ಕತ್ತರಿ. ಮೈಟ್ ಇರುವುದೆಲ್ಲ ತುದಿಯ ಎರಡು ಮೂರು ಅಂಗುಲದಲ್ಲಿ. ಮುದುಡಿದ ಪ್ರತಿ ತುದಿಯನ್ನೂ ಕತ್ತರಿಸಿ ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಎರಡು ದಿನ ಬಿಸಿಲಿಗಿಡಿ. ಗಿಡದ ಬುಡದಲ್ಲಿ ಉದುರಿಸಿದರೆ ಕತ್ತರಿಸಿದ್ದೂ ದಂಡ. ಆಮೇಲೆ ನೀರಿನಲ್ಲಿ ಕರಗುವ ಗಂಧಕ, ಶೇ. 80ರದ್ದು, ಲೀಟರಿಗೆ 3 ಗ್ರಾಂ. ಏಳು ದಿನ ಬಿಟ್ಟು ಇನ್ನೊಮ್ಮೆ. ಸಾವಯವ ಬೇಸಾಯದಲ್ಲಿ ಗಂಧಕಕ್ಕೆ ಅವಕಾಶವಿದೆ, ರಾಸಾಯನಿಕ ಎಂದು ಅಂಜಬೇಕಿಲ್ಲ. ಆದರೆ ಇದಕ್ಕೆ ಮೂರು ಕಟ್ಟುಪಾಡು. ತಾಪಮಾನ 32 ಡಿಗ್ರಿ ದಾಟುವ ದಿನಗಳಲ್ಲಿ ಬೇಡ, ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಬೇಡ, ಗಂಧಕ ಹೊಡೆದ ಎರಡು ವಾರದೊಳಗೆ ಎಣ್ಣೆಯೂ ಬೇಡ. ಸೌತೆ, ಹೀರೆ, ಹಾಗಲದ ಎಲೆಗೆ ತಾಗದಂತೆ ನೋಡಿಕೊಳ್ಳಿ, ಕುಂಬಳ ಜಾತಿಯ ಬಳ್ಳಿಗಳು ಗಂಧಕ ತಾಳುವುದಿಲ್ಲ. ಹೊಡೆಯುವಾಗ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ.

ಬೇಸಿಗೆಯ ಸುಡುಬಿಸಿಲಿನಲ್ಲಿ ಮೈಟ್ ಬಂದರೆ ಗಂಧಕ ಬಿಟ್ಟು, ತುದಿ ಕತ್ತರಿಸಿ ಬೇವಿನೆಣ್ಣೆಯನ್ನೇ ನಾಲ್ಕೈದು ದಿನಕ್ಕೊಮ್ಮೆ ಮೂರು ಸಲ ಹೊಡೆಯುವುದು ಉಳಿದ ದಾರಿ. ಗಂಧಕದಷ್ಟು ಗಟ್ಟಿ ಫಲ ಸಿಗದು, ಹತೋಟಿಗಂತೂ ಬರುತ್ತದೆ.

ಥ್ರಿಪ್ಸೂ ಮೈಟೂ ಒಟ್ಟಿಗಿದ್ದರೆ ಎಲೆ ಮೇಲಕ್ಕೋ ಕೆಳಕ್ಕೋ ಹೇಳಲಾಗದಂತೆ ತಿರುಚಿಕೊಂಡಿರುತ್ತದೆ. ಎಣ್ಣೆ, ಗಂಧಕ ಎರಡನ್ನೂ ಬೆರೆಸಿ ಹೊಡೆಯುವ ಆಸೆ ಆಗುತ್ತದೆ, ಹಾಗೆ ಮಾಡಿದರೆ ಗಿಡಕ್ಕೆ ಎಲೆಯೇ ಉಳಿಯದು. ಮೈಟನ್ನು ಮೊದಲು ಮುಗಿಸಿ: ತುದಿ ಕತ್ತರಿಸುವುದು, ಗಂಧಕ ಎರಡು ಸಲ. ಅಷ್ಟರಲ್ಲಿ ಥ್ರಿಪ್ಸಿಗೆ ನೀರಿನ ರಭಸ, ಬೇವಿನ ಹಿಂಡಿ, ನೀಲಿ ಹಾಳೆ ನಡೆಯುತ್ತಿರಲಿ. ನೀರಿನ ರಭಸವನ್ನು ಗಂಧಕ ಹೊಡೆಯುವ ಮೊದಲು ಇಟ್ಟುಕೊಳ್ಳಿ, ಹೊಡೆದ ಮೇಲೆ ನಾಲ್ಕು ದಿನ ಎಲೆ ತೊಳೆಯಬೇಡಿ. ಎರಡನೇ ಗಂಧಕದಿಂದ ಎರಡು ವಾರ ಎಣಿಸಿ ಬೇವಿನೆಣ್ಣೆಗೆ ಬನ್ನಿ.

ಗಿಡ ಕುಳ್ಳು, ಎಲೆ ಪುಟ್ಟದು, ನರ ದಪ್ಪ: ವೈರಸ್

ಮೇಲಕ್ಕೆ ಮಡಚುವುದರಲ್ಲಿ ಇದೂ ಥ್ರಿಪ್ಸಿನ ಹಾಗೇ, ಆದರೆ ತಳದಲ್ಲಿ ಕಂದು ಗೀಚು ಇರುವುದಿಲ್ಲ. ಬದಲಿಗೆ ನರಗಳು ಉಬ್ಬಿರುತ್ತವೆ, ನರಗಳ ನಡುವೆ ಹಳದಿ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಕುಗ್ಗಿ ಇಡೀ ಗಿಡ ಪೊದೆಯಾಗಿರುತ್ತದೆ. ಹರಡುವುದು ಬಿಳಿ ನೊಣ. ನೊಣ ಕಚ್ಚಿ ಎರಡು ಮೂರು ವಾರದ ಮೇಲೆ ಲಕ್ಷಣ ಕಾಣುವುದರಿಂದ, ನೀವು ನೋಡುವ ಹೊತ್ತಿಗೆ ಗಿಡದಲ್ಲಿ ನೊಣವೇ ಇಲ್ಲದಿರಬಹುದು.

ಅನುಮಾನವಿದ್ದರೆ ಥ್ರಿಪ್ಸ್ ಎಂದುಕೊಂಡು ಮೂರು ಸುತ್ತು ಮುಗಿಸಿ ನೋಡಿ. ಹಾಳೆ ಮೇಲೆ ತಟ್ಟಿದರೆ ಹುಳು ಬೀಳುವುದಿಲ್ಲ, ಆದರೂ ದಾರದ ಮೇಲಿನ ಹೊಸ ಎಲೆ ಮುದುಡಿಯೇ ಬರುತ್ತಿದೆ ಎಂದಾದರೆ ಅದು ವೈರಸ್. ಕಿತ್ತುಹಾಕಿ. ಹೂ ಬಂದಿದೆಯಲ್ಲ, ನಾಲ್ಕು ಕಾಯಿ ಸಿಗಲಿ ಎಂದು ಉಳಿಸಿಕೊಳ್ಳುವ ಗಿಡವೇ ಉಳಿದ ಗಿಡಗಳಿಗೂ ಪಕ್ಕದ ಟೊಮೆಟೊಗೂ ರೋಗದ ಮೂಲ.

ಕೀಳುವುದಕ್ಕೂ ಕ್ರಮವಿದೆ. ಮುಂಜಾನೆ ನೊಣ ಮಂಕಾಗಿರುವಾಗ ಎಲೆಯ ತಳಕ್ಕೆಲ್ಲ ಸೋಪು ನೀರು ಸಿಂಪಡಿಸಿ, ಗಿಡದ ಮೇಲೆ ದೊಡ್ಡ ಚೀಲ ಮುಚ್ಚಿ, ಆಮೇಲೆ ಬುಡ ಕತ್ತರಿಸಿ. ಹಾಗೆ ಮಾಡದೆ ಅಲುಗಿಸಿ ಕಿತ್ತರೆ ವೈರಸ್ ಹೊತ್ತ ನೊಣಗಳನ್ನು ನೀವೇ ಉಳಿದ ಗಿಡಗಳಿಗೆ ಅಟ್ಟಿದಂತೆ. ಮಣ್ಣು ಎಸೆಯಬೇಕಿಲ್ಲ, ಈ ವೈರಸ್ ಮಣ್ಣಿನಲ್ಲಿ ಉಳಿಯುವುದಿಲ್ಲ. ಅದಕ್ಕೆ ಎರಡು ಹಿಡಿ ಗೊಬ್ಬರ ಬೆರೆಸಿ ಸೊಪ್ಪೋ ಮೂಲಂಗಿಯೋ ಹಾಕಬಹುದು.

ಜಿಗುಟು, ಇರುವೆ: ಸಸ್ಯಹೇನು

ಸುಲಭದ ಕೇಸು. ಎಲೆ ಜಿಗುಟು, ಕಾಂಡದಲ್ಲಿ ಇರುವೆ ಸಾಲು, ತಳದಲ್ಲಿ ಹಸಿರು ಅಥವಾ ಕಪ್ಪು ಹೇನಿನ ಗುಂಪು. ಮೂರು ದಿನ ಸತತ ನೀರಿನ ರಭಸ ಕೊಟ್ಟರೆ ಬಹುಪಾಲು ಹೋಗುತ್ತದೆ. ಇರುವೆಯನ್ನು ತಡೆಯದಿದ್ದರೆ ಅದು ಹೇನನ್ನು ಕಾಯುತ್ತಲೇ ಇರುತ್ತದೆ, ಆದ್ದರಿಂದ ಕುಂಡದ ಸ್ಟ್ಯಾಂಡಿನ ಕಾಲುಗಳಿಗೆ ಗ್ರೀಸ್ ಅಥವಾ ಹರಳೆಣ್ಣೆ ಬಳಿಯಿರಿ. ಹೇನಿನ ನಡುವೆ ಕಪ್ಪು ಮೈಯ, ಕಿತ್ತಳೆ ಚುಕ್ಕೆಯ, ಮುಳ್ಳುಮುಳ್ಳಾದ ಮರಿಹುಳು ಕಂಡರೆ ಸಿಂಪಡಣೆ ನಿಲ್ಲಿಸಿ. ಅದು ಗುಲಗಂಜಿ ಹುಳುವಿನ ಮರಿ, ನಿಮ್ಮ ಕೆಲಸ ಅದೇ ಮಾಡುತ್ತದೆ.

ಹುಳುವೇ ಇಲ್ಲದಿದ್ದರೆ

ಏಪ್ರಿಲ್‌ ಬಿಸಿಲಿಗೆ ತಾರಸಿಯ ಮೇಲಿನ ಕಪ್ಪು ಗ್ರೋಬ್ಯಾಗಿನ ಮಣ್ಣು ಕಾದುಹೋಗುತ್ತದೆ. 12 ಅಂಗುಲದ ಚೀಲದಲ್ಲಿ ಬೆಳೆದ ಗಿಡ ಆಗ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಕೇಳುತ್ತದೆ. ಮಣ್ಣಿಗೆ ಎರಡು ಅಂಗುಲ ಬೆರಳಿಳಿಸಿ ನೋಡಿ. ಒಣಗಿದ್ದರೆ ನೀರು ಸಾಲುತ್ತಿಲ್ಲ. ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ ತಳದ ತೂತು ಮುಚ್ಚಿ ಬೇರು ಕೊಳೆಯುತ್ತಿದೆ, ಮಣ್ಣಿನ ವಾಸನೆಯೇ ಹೇಳುತ್ತದೆ. ಮೊದಲನೆಯದಕ್ಕೆ ಬುಡಕ್ಕೆ ಎರಡು ಅಂಗುಲ ತರಗೆಲೆ ಹೊದಿಕೆ, ಮಧ್ಯಾಹ್ನಕ್ಕೆ ಶೇ. 50ರ ನೆರಳು ಬಲೆ. ಎರಡನೆಯದಕ್ಕೆ ತೂತು ಚುಚ್ಚಿ ಬಿಡಿಸಿ, ಕುಂಡವನ್ನು ಇಟ್ಟಿಗೆ ಮೇಲೇರಿಸಿ, ಮೇಲ್ಮಣ್ಣು ಒಣಗುವ ತನಕ ನೀರು ನಿಲ್ಲಿಸಿ.

ಎಲೆ ದೊಡ್ಡದಾಗಿ, ಕಡು ಹಸಿರಾಗಿ, ಸುಕ್ಕುಸುಕ್ಕಾಗಿ ಹೂವೇ ಇಲ್ಲದಿದ್ದರೆ ಸಾರಜನಕ ಅತಿಯಾಗಿದೆ. ವಾರ ವಾರ ಕಡಲೆಕಾಯಿ ಹಿಂಡಿ ಕೊಳೆಸಿದ ನೀರು ಹಾಕುವವರಲ್ಲಿ ಇದು ಖಾಯಂ. ಆ ಹಿಂಡಿಯಲ್ಲಿ ಸಾರಜನಕ ಶೇ. 7ರ ಆಸುಪಾಸು ಇರುತ್ತದೆ, ಕುಂಡಕ್ಕೆ ಅದು ಸಣ್ಣ ಪ್ರಮಾಣವಲ್ಲ. ಮೂರು ವಾರ ಏನೂ ಕೊಡಬೇಡಿ. ಇಂಥ ಮೆತ್ತನೆ ಎಲೆಗೆ ಹೇನೂ ಬೇಗ ಬರುತ್ತದೆ.

ಅಂಚು ಸುಟ್ಟಂತೆ ಕಂದಾಗಿ ಒಳಕ್ಕೆ ಸುರುಳಿಯಾಗಿದ್ದರೆ ಉಪ್ಪು. ತೊಳೆಯದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಇಲ್ಲವೇ ಗಡಸು ಬೋರ್‌ವೆಲ್ ನೀರು ಇದರ ಮೂಲ. ಕುಂಡದ ಕಂಠದಲ್ಲಿ ಬಿಳಿ ಪದರ ಕಟ್ಟಿದ್ದರೆ ಅದೇ ಸಾಕ್ಷಿ. ಕುಂಡದ ಮಣ್ಣಿನ ಎರಡರಷ್ಟು ಮಳೆನೀರನ್ನು ನಿಧಾನವಾಗಿ ಸುರಿದು ಕೆಳಗಿಂದ ಹರಿಯಬಿಡಿ. ಅಂದ ಹಾಗೆ ಗಡಸು ನೀರಿನಿಂದ ಕಟ್ಟಿದ ಬಿಳಿ ಪದರದಲ್ಲಿ ಬಹುಪಾಲು ಕ್ಯಾಲ್ಸಿಯಮ್ಮೇ. ಅಂಥ ನೀರು ಹಾಕುತ್ತಾ ‘ಕ್ಯಾಲ್ಸಿಯಂ ಕೊರತೆ’ ಎಂದು ಮೊಟ್ಟೆ ಸಿಪ್ಪೆ ಹಾಕುವುದರಲ್ಲಿ ಅರ್ಥವಿಲ್ಲ. ಸಿಪ್ಪೆ ಕರಗಲು ತಿಂಗಳುಗಳೇ ಬೇಕು, ಮುದುಡಿದ ಎಲೆಗೆ ಅದು ಮದ್ದಲ್ಲ. ಮೆಣಸಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಎದ್ದು ಕಾಣುವುದು ಕಾಯಿಯ ಕೆಳತುದಿ ಕೊಳೆತಂತಾಗುವುದು, ಅದಕ್ಕೂ ಹೆಚ್ಚಿನ ಸಲ ಕಾರಣ ನೀರು ಒಂದು ದಿನ ಹಾಕಿ ಮೂರು ದಿನ ಮರೆಯುವುದು.

ಅಪರೂಪಕ್ಕೆ ಹೊಸ ಎಲೆಗಳು ದಾರದಷ್ಟು ಕಿರಿದಾಗಿ, ನರಗಳು ಒತ್ತೊತ್ತಾಗಿ ಉದ್ದುದ್ದ ಬರುವುದುಂಟು. ಸ್ಪ್ರೇಯರನ್ನು ಯಾರಿಂದಲಾದರೂ ಎರವಲು ತಂದಿದ್ದರೆ ಅದರಲ್ಲಿ ಕಳೆನಾಶಕ ಹೊಡೆದಿದ್ದರೇ ಕೇಳಿ. 2,4-ಡಿ ಎಂಬ ಕಳೆನಾಶಕದ ಶೇಷ ತೊಳೆದರೂ ಉಳಿಯುತ್ತದೆ.

ಬೇವಿನೆಣ್ಣೆ ಏಕೆ ಕೈಕೊಡುತ್ತದೆ

ಕೈಕೊಡುವುದು ಎಣ್ಣೆಯಲ್ಲ, ಕಲಸುವ ರೀತಿ. ಎಣ್ಣೆಯನ್ನು ನೇರ ನೀರಿಗೆ ಸುರಿದು ಕುಲುಕಿದರೆ ಅದು ತೇಲುತ್ತದೆ. ಬಾಟಲಿಯ ಮುಕ್ಕಾಲು ಭಾಗ ಬರೀ ನೀರು ಹೊಡೆದು, ಕೊನೆಗೆ ಸಿಕ್ಕಿದ ಗಿಡಕ್ಕೆ ಬರೀ ಎಣ್ಣೆ ಬೀಳುತ್ತದೆ. ಮೊದಲಿನವಕ್ಕೆ ನಾಟುವುದಿಲ್ಲ, ಕೊನೆಯದು ಸುಡುತ್ತದೆ.

ಒಂದು ಲೀಟರಿಗೆ ಲೆಕ್ಕ: ತಣ್ಣಗೆ ಗಾಣದಲ್ಲಿ ತೆಗೆದ ಬೇವಿನೆಣ್ಣೆ 5 ಮಿ.ಲೀ., ಸೌಮ್ಯ ದ್ರವ ಸೋಪು 2 ಮಿ.ಲೀ. ಮೊದಲು ಲೋಟದಲ್ಲಿ ಸೋಪು, ಎಣ್ಣೆ ಎರಡನ್ನೇ ಕಡೆದು ಬೆಳ್ಳಗೆ ಮಾಡಿ. ಅದಕ್ಕೆ 100 ಮಿ.ಲೀ. ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಕಲಕಿ, ಹಾಲಿನ ಬಣ್ಣ ಬಂದ ಮೇಲೆ ಉಳಿದ ನೀರು ಹಾಕಿ. ಐದು ನಿಮಿಷ ಬಿಟ್ಟರೂ ಮೇಲೆ ಎಣ್ಣೆಯ ಪದರ ಕಟ್ಟಬಾರದು. ಕಟ್ಟಿದರೆ ನೀರು ಗಡಸು, ಸೋಪು ಒಡೆದಿದೆ. ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ. ಇಲ್ಲವೇ ಸೋಪಿನ ಬದಲು ಐದಾರು ಅಂಟುವಾಳದ ಕಾಯಿಯನ್ನು ಕಾಲು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಕಿವುಚಿದ ನೊರೆ ನೀರಿನಿಂದ ಎಣ್ಣೆ ಕಡೆಯಿರಿ, ಅದು ಗಡಸು ನೀರಿಗೂ ಒಡೆಯುವುದಿಲ್ಲ. ಬಟ್ಟೆ ಸೋಪಿನ ಪುಡಿ ಮಾತ್ರ ಬೇಡ, ಅದರ ಕ್ಷಾರಕ್ಕೆ ಎಳೆ ಎಲೆ ಸುಡುತ್ತದೆ. ಚಳಿಗಾಲದ ಬೆಂಗಳೂರಿನಲ್ಲಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಬಿಸಿನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿಕೊಳ್ಳಿ. ದೀಪಕ್ಕೆಂದು ಮಾರುವ ಬೇವಿನೆಣ್ಣೆ ಕೊಳ್ಳಬೇಡಿ, ಅದರಲ್ಲಿ ಬೇವು ಎಷ್ಟು, ಬೇರೆಯದೆಷ್ಟು ಎಂಬ ಖಾತ್ರಿ ಇರುವುದಿಲ್ಲ.

ಸೂರ್ಯ ಇಳಿದ ಮೇಲೆ ಹೊಡೆಯಿರಿ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ, ಜೇನುನೊಣಗಳೂ ಅಷ್ಟೊತ್ತಿಗೆ ಗೂಡು ಸೇರಿರುತ್ತವೆ. ಸ್ಪ್ರೇಯರಿನ ಮೂತಿ ಮೇಲ್ಮುಖ ಮಾಡಿ ಎಲೆಯ ತಳದಿಂದ ಶುರು ಮಾಡಿ. ಎರಡು ಅಡಿ ಗಿಡಕ್ಕೆ 100ರಿಂದ 150 ಮಿ.ಲೀ. ಹಿಡಿಯುತ್ತದೆ. ನಿಮ್ಮ ಒಂದು ಲೀಟರ್ ಇಪ್ಪತ್ತು ಗಿಡಕ್ಕೆ ಬಂದಿತೆಂದರೆ ತಳ ನೆನೆದಿಲ್ಲ ಎಂದರ್ಥ. ಹೊಸ ಬಾಟಲಿಯಾದರೆ ಒಂದು ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ. ಕಲಸಿದ್ದನ್ನು ಅಂದೇ ಮುಗಿಸಿ.

ಬೇವಿನ ಮರ ಹತ್ತಿರವಿದ್ದರೆ ಬೀಜದ ಕಷಾಯ ಎಣ್ಣೆಗಿಂತ ಅಗ್ಗ: ಸಿಪ್ಪೆ ತೆಗೆದ ಬೀಜದ ಪುಡಿ 50 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ಸೋಸಿ, ಸ್ವಲ್ಪ ಸೋಪು ಬೆರೆಸಿ. ಆ ಸಂಜೆಯೇ ಹೊಡೆಯಿರಿ. ಬೂಸ್ಟು ಹಿಡಿದ ಬೀಜ, ವರ್ಷ ದಾಟಿದ ಬೀಜ ಕೆಲಸಕ್ಕೆ ಬಾರದು. ಇದೆಲ್ಲ ತಲೆನೋವು ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಅದನ್ನು ತುರಿದು ನೀರಿನಲ್ಲಿ ಕರಗಿಸಿದರಾಯಿತು, ಪ್ರಮಾಣ ಪೊಟ್ಟಣದ ಮೇಲಿರುತ್ತದೆ. ತಾರಸಿ ತೋಟಕ್ಕೆ ನಮ್ಮ ಮತ ಇದಕ್ಕೇ.

ಮನೆಮದ್ದುಗಳ ಬಗ್ಗೆ

ಹುಳಿ ಮಜ್ಜಿಗೆ ಎಲೆ ಮೇಲಿನ ಬೂದಿ ರೋಗಕ್ಕೆ ಒಂದಿಷ್ಟು ನೆರವಾಗುತ್ತದೆ. ಥ್ರಿಪ್ಸ್, ಮೈಟಿಗೆ ಅದನ್ನು ನಂಬಿ ವಾರ ಕಳೆಯಬೇಡಿ. ಒಲೆ ಬೂದಿ ತೆಳ್ಳಗೆ ಉದುರಿಸಿದರೆ ಹೇನು ಕಡಿಮೆಯಾಗುತ್ತದೆ, ಹಿಡಿ ಹಿಡಿ ಮಣ್ಣಿಗೆ ಹಾಕಿದರೆ ಕ್ಷಾರ ಏರಿ ಹೊಸ ತೊಂದರೆ ಶುರು. ಹೊಗೆಸೊಪ್ಪಿನ ಕಷಾಯ ಮಾತ್ರ ಬೇಡವೇ ಬೇಡ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ, ಮೇಲಾಗಿ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಮೆಣಸು, ಟೊಮೆಟೊಗಳಿಗೂ ತಗಲುತ್ತದೆ. ಬೀಡಿ ಸೇದುವವರು, ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರು ಗಿಡ ಮುಟ್ಟುವ ಮುಂಚೆ ಸೋಪು ಹಚ್ಚಿ ಕೈ ತೊಳೆಯುವುದು ಒಳ್ಳೆಯದು.

ಚೇತರಿಕೆ

ಮದ್ದು ನಾಟಿದ್ದರೆ ಏಳರಿಂದ ಹತ್ತು ದಿನದಲ್ಲಿ ದಾರದ ಮೇಲೆ ಅಗಲವಾದ, ಸಪಾಟಾದ ಎಲೆ ಬರುತ್ತದೆ. ಅದು ಕಂಡ ಮೇಲೆಯೇ ಗಿಡವನ್ನು ಮೂರನೇ ಒಂದು ಭಾಗ ಕತ್ತರಿಸಿ, ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ ಹಾಕಿ. ಮೊದಲೇ ಗೊಬ್ಬರ ಕೊಟ್ಟು ಚಿಗುರಿಸಿದರೆ ಅದು ಹುಳುವಿಗೇ ಊಟ. ಮತ್ತೆ ಹೂ ಬರಲು ಮೂರು ನಾಲ್ಕು ವಾರ ಹಿಡಿಯುತ್ತದೆ.

ಮುಂದಿನ ಸಸಿಗೆ

ವೈರಸ್ ಹೆಚ್ಚು ಕೆಡುಕು ಮಾಡುವುದು ಸಸಿ ಎಳೆಯದಿದ್ದಾಗ. ಬೀಜ ಹಾಕಿದ ದಿನದಿಂದ ನಾಟಿ ಮಾಡುವ ತನಕ, ಅಂದರೆ 35ರಿಂದ 40 ದಿನ, ಟ್ರೇ ಮೇಲೆ 40 ಅಥವಾ 50 ಮೆಶ್ಶಿನ (ಅಂಗುಲಕ್ಕೆ ಅಷ್ಟು ಕಣ್ಣಿರುವ) ನೈಲಾನ್ ಬಲೆ ಮುಚ್ಚಿಡಿ. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲಿ ಬಿಳಿ ನೊಣ ಸಲೀಸಾಗಿ ನುಗ್ಗುತ್ತದೆ. 12 ಅಂಗುಲದ ಕುಂಡಕ್ಕೆ ಒಂದೇ ಸಸಿ, ಕುಂಡದಿಂದ ಕುಂಡಕ್ಕೆ ಒಂದೂವರೆ ಅಡಿ. ಗುಲಾಬಿ, ಬದನೆ, ದಾಸವಾಳದ ಕುಂಡಗಳು ತಾರಸಿಯ ಇನ್ನೊಂದು ಮೂಲೆಗೆ ಹೋಗಲಿ. ಹುಳು ಬರುವುದಿಲ್ಲ ಎಂದು ಮೆಣಸಿನ ಪಕ್ಕ ಚೆಂಡುಹೂ ಇಡುವ ರೂಢಿಯಿದೆ. ಬೇರಿನ ಜಂತುಹುಳುವಿಗೆ ಅದು ಸರಿ, ಆದರೆ ಅದರ ಹೂವಿನಲ್ಲಿ ಥ್ರಿಪ್ಸ್, ಎಲೆಯಲ್ಲಿ ಕೆಂಪು ನುಸಿ ಎರಡೂ ಬೆಳೆಯುತ್ತವೆ. ಇಟ್ಟರೆ ಅರಳಿದ ಹೂವನ್ನು ಗಿಡದಲ್ಲೇ ಒಣಗಲು ಬಿಡದೆ ಕೀಳುತ್ತಿರಿ.

ತಳಿ ಆರಿಸುವಾಗ ಹೆಸರಘಟ್ಟದ ಅರ್ಕಾ ಮೇಘನಾ ಹೈಬ್ರಿಡ್ ಸಿಕ್ಕರೆ ತಗೊಳ್ಳಿ, ವೈರಸ್ಸನ್ನೂ ರಸ ಹೀರುವ ಹುಳುಗಳನ್ನೂ ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ. ಹೈಬ್ರಿಡ್ಡಾದ್ದರಿಂದ ಅದರ ಕಾಯಿಯ ಬೀಜ ಎತ್ತಿಟ್ಟುಕೊಂಡು ಬಿತ್ತಿದರೆ ಅದೇ ಗುಣ ಬರದು. ಬ್ಯಾಡಗಿಯೇ ಬೇಕೆನ್ನುವವರು ಬಲೆಯಡಿ ಸಸಿ ಮಾಡಿ, ನಾಟಿಯಾದ ದಿನವೇ ಕುಂಡಗಳ ನಡುವೆ ಒಂದು ಹಳದಿ, ಒಂದು ನೀಲಿ ಅಂಟು ಹಾಳೆ ಕಟ್ಟಿಬಿಡಿ. ಹಳದಿಗೆ ಬಿಳಿ ನೊಣ ಮತ್ತು ರೆಕ್ಕೆಯ ಹೇನು, ನೀಲಿಗೆ ಥ್ರಿಪ್ಸ್ ಅಂಟುತ್ತವೆ. ಭಾನುವಾರಕ್ಕೊಮ್ಮೆ ಎಣಿಸಿ, ಹಾಳೆಯ ಮೂಲೆಯಲ್ಲೇ ತಾರೀಕು ಹಾಕಿ ಬರೆದಿಡಿ. ಹೋದ ವಾರಕ್ಕಿಂತ ಎರಡರಷ್ಟಾಗಿದ್ದರೆ ಎಲೆ ಮುದುಡುವ ತನಕ ಕಾಯದೆ ಆ ಸಂಜೆಯೇ ಸಿಂಪಡಣೆ ಶುರು ಮಾಡಿ.